ಅಪ್ಪ ಹೆರೆದ ವಿಮಾನ

ನಮ್ಮಪ್ಪನ ಹಟವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಯುದ್ಧವಿಮಾನಗಳಿಗೆ ಬಣ್ಣ ಹಚ್ಚುವುದು ಅವರ ಕೆಲಸ. ಊರ ಹೊರಗಿನ ವಾಯುನೆಲೆ ಮುಚ್ಚುವವರೆಗೂ ಅಲ್ಲಿನ ದೊಡ್ಡ ಶೆಡ್ಡಿನಲ್ಲೇ ದುಡಿದರು. ಎಷ್ಟು ಸೋಪು ಹಾಕಿ ಉಜ್ಜಿದರೂ ಥಿನ್ನರ್ ವಾಸನೆ ಅವರನ್ನು ಬಿಡುತ್ತಿರಲಿಲ್ಲ. "ರೀ, ನೀವು ಬೀದಿ ತಿರುವಿಗೆ ಬಂದ್ರೆ ಸಾಕು, ನನಗಿಲ್ಲಿ ಗೊತ್ತಾಗತ್ತೆ," ಎನ್ನುತ್ತ ಅಮ್ಮ ಮೂಗು ಮುಚ್ಚಿಕೊಂಡೇ ಬಾಗಿಲು ತೆಗೆಯುತ್ತಿದ್ದಳು.

ಆ ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಹಳೆಯ ಬಣ್ಣದ ಮೇಲೆ ಹೊಸದು ಹಚ್ಚುವಂತಿಲ್ಲ. ಪದರದ ಮೇಲೆ ಪದರ ಕೂತರೆ ವಿಮಾನ ಭಾರವಾಗುತ್ತದೆ, ಲೋಹ ಬಿರುಕು ಬಿಟ್ಟಿದ್ದರೂ ಕಾಣುವುದಿಲ್ಲ. ಹಾಗಾಗಿ ದುರಸ್ತಿಗೆ ಬಂದಾಗಲೆಲ್ಲ ಹಳೆ ಬಣ್ಣ ಸಡಿಲಿಸುವ ಮದ್ದು ಬಳಿದು, ಬರೀ ಲೋಹ ಕಾಣುವವರೆಗೆ ಹೆರೆಯಬೇಕು. ಕಬ್ಬಿಣ ತಾಗಿದರೆ ಗೀರು ಬೀಳುತ್ತದೆಂದು ಮರದ ಚಕ್ಕೆಯಿಂದಲೇ ಹೆರೆಯಬೇಕು. ಅಂದರೆ, ಅಪ್ಪ ಹಚ್ಚಿದ್ದನ್ನೆಲ್ಲ ಅಪ್ಪನೇ ಕಿತ್ತು ಹಾಕಿದ್ದರು. ಉಳಿದದ್ದು ಒಂದೇ, ನೆಲೆ ಮುಚ್ಚುವ ಮುಂಚೆ ಕೊನೆಯದಾಗಿ ಬಣ್ಣ ಕಂಡ ವಿಮಾನ. ಅದನ್ನು ಗಟ್ಟಿ ಕಂಬದ ಮೇಲೆ ನಿಲ್ಲಿಸಿ ಸುತ್ತ ಪಾರ್ಕು ಮಾಡಿದರು. ಅಪ್ಪ ದಿನಾ ಸಂಜೆ ಅದರ ಕೆಳಗೆ ಕೂತು ಬರುತ್ತಿದ್ದರು. ಹೆತ್ತ ಮಗಳಿಗಿಂತ ಅದೇ ಹೆಚ್ಚಾಯಿತಲ್ಲ ಎಂದು ನಾನು ಚುಚ್ಚುತ್ತಿದ್ದೆ.

ಬಿಸಿಲಿಗೆ ಅದು ಮಂಕಾಯಿತು. ಪಾರ್ಕಿನ ಮೇಲ್ವಿಚಾರಕ ಮನೆಗೇ ಬಂದ.

"ಯಜಮಾನ್ರೇ, ನಿಮ್ಮ ಕೈಯಿಂದಾನೇ ಇನ್ನೊಂದ್ಸಲ ಬಣ್ಣ ಆಗ್ಬಿಡ್ಲಿ. ಅಟ್ಟಣಿಗೆ, ಬಣ್ಣ ಎಲ್ಲಾ ನಾನು ತರಿಸ್ತೀನಿ."

ಅಪ್ಪನ ಮುಖ ಊರಗಲವಾಯಿತು. ಮರುದಿನವೇ ಅಟ್ಟಣಿಗೆ ಹತ್ತಿ ಹೆರೆಯಲು ಶುರು ಮಾಡಿದರು.

ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ. "ಅಪ್ಪಾ, ಇದೇನು ಇನ್ನು ಹಾರತ್ತಾ? ಮೇಲೆ ಹಚ್ಚಿಬಿಡಿ. ನಿಮ್ಮ ಹಳೇ ಬಣ್ಣ ಒಳಗಾದ್ರೂ ಇರತ್ತೆ."

"ಕೊಳೆ ಮೈಮೇಲೆ ಯಾರಾದ್ರೂ ಹೊಸ ಬಟ್ಟೆ ಹಾಕ್ತಾರೇನೇ? ಸುಮ್ನೆ ಮನೆಗೆ ಹೋಗು."

ಗೋಡೆಗೆ ಹೇಳಿದ್ದರೂ ಒಂದು ಮಾತು ಕೇಳಿಸಿಕೊಳ್ಳುತ್ತಿತ್ತೇನೋ. ರೆಕ್ಕೆ, ಬಾಲ, ಹೊಟ್ಟೆ ಎಲ್ಲವನ್ನೂ ಹೆರೆದರು. ಬೆರಳ ಸಂದಿಯಲ್ಲಿ ಮದ್ದು ಸುಟ್ಟು ಚರ್ಮ ಎದ್ದರೂ ಬಿಡಲಿಲ್ಲ. ಕೊನೆಯ ಚೂರು ಉದುರಿದ ದಿನ ಮೇಲ್ವಿಚಾರಕ ಬಂದು ತಲೆಯೆತ್ತಿ ನೋಡಿದ. ವಿಮಾನ ಬಿಸಿಲಿಗೆ ಥಳಥಳ ಎನ್ನುತ್ತಿತ್ತು.

"ಆಹಾ! ಹೀಗೇ ಇರ್ಲಿ ಯಜಮಾನ್ರೇ. ಬಣ್ಣಾನೇ ಬೇಡ."

"ಇನ್ನೂ ಕೆಲಸ ಶುರುವಾಗೇ ಇಲ್ವಲ್ರೀ!" ಅಪ್ಪನ ದನಿ ಏರಿತು.

ಅವನು ಫೋನು ಹಿಡಿದು ಅತ್ತ ಹೋಗಿ, ಸ್ವಲ್ಪ ಹೊತ್ತಿಗೆ ತಿರುಗಿ ಬಂದ. "ಮೇಲಿನವರಿಗೂ ಫೋಟೋ ಕಳಿಸ್ದೆ. ಅವರಿಗೂ ಇದೇ ಹಿಡಿಸ್ತು."

ಅಪ್ಪ ಕೂಗಾಡಿದರು, ಕೊನೆಗೆ ಕೈಮುಗಿದರು. ನಮ್ಮಪ್ಪ ಆ ಮನುಷ್ಯನಿಗೆ ಕೈಮುಗಿದದ್ದನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಅವನು ನಗುನಗುತ್ತಲೇ ಅಟ್ಟಣಿಗೆ ಬಿಚ್ಚಿಸಿದ.

ಈಗ ಜನ ಅದರ ಮುಂದೆ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಪ್ಪ ಆ ದಾರಿ ಬಿಟ್ಟಿದ್ದಾರೆ. ಮೊನ್ನೆ ತಡೆಯಲಾರದೆ, "ಒಂದ್ಸಲ ನೋಡಿ ಬರೋಣ ಬನ್ನಿ" ಎಂದೆ.

"ಏನು ನೋಡೋದು?" ಎಂದರು. "ಅದರಲ್ಲಿ ನಂದು ಏನಿದೆ ಈಗ?"