ಅಮ್ಮನ ಜ್ವರ, ಚೈತ್ರಳ ಯಂತ್ರ

ಕಳೆದ ವಾರ ನಾನು ಒಬ್ಬ ವಿಜ್ಞಾನಿಯ ಮೇಲೆ ಕೂಗಾಡಿಬಿಟ್ಟೆ. ಅದೂ ಪ್ರಶಸ್ತಿ ಬಂದ ವಿಜ್ಞಾನಿ. ಅದೂ ಬೆಳಿಗ್ಗೆ ಬೆಳಿಗ್ಗೆ, ಅವಳ ಅಪ್ಪನ ತರಕಾರಿ ಅಂಗಡಿಯ ಎದುರು, ಮಲ್ಲೇಶ್ವರದ ಅರ್ಧ ಜನ ಸೊಪ್ಪು ಆರಿಸುತ್ತ ನಿಂತಿದ್ದಾಗ.

ಹೇಳುತ್ತೇನೆ ಕೇಳಿ.

ಚೈತ್ರ ನಾವು ನೋಡನೋಡುತ್ತಲೇ ಬೆಳೆದ ಹುಡುಗಿ. ಮನೆ ಶ್ರೀರಾಂಪುರ. ಅಪ್ಪ ಮುನಿರಾಜಣ್ಣನದು ಮಲ್ಲೇಶ್ವರದ ಎಂಟನೇ ಕ್ರಾಸ್‌ನಲ್ಲಿ ಹಣ್ಣು-ತರಕಾರಿ ಅಂಗಡಿ. ಪಿಎಚ್‌ಡಿ ಮುಗಿಸಿ ಈಗ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಾಳೆ. ಕೆಲವು ತಿಂಗಳ ಹಿಂದೆ ಅವಳಿಗೆ ಯುವ ವಿಜ್ಞಾನಿ ಪ್ರಶಸ್ತಿ ಬಂತು. ನಮ್ಮ ರಸ್ತೆಯವರೆಲ್ಲ ಸೇರಿ ಸನ್ಮಾನ ಮಾಡಿದೆವು. ಶಾಲು, ಪೇಟ, ಹಣ್ಣಿನ ಬುಟ್ಟಿ. (ಹಣ್ಣು ಅವರಪ್ಪನ ಅಂಗಡಿಯದ್ದೇ.) ಭಾಷಣ ಮಾಡಿದವರಲ್ಲಿ ನಾನೂ ಒಬ್ಬಳು. ‘ನಮ್ಮ ಏರಿಯಾದ ಹೆಮ್ಮೆ’ ಎಂದೆ. ಚಪ್ಪಾಳೆ ಬಿತ್ತು.

ಅವಳು ಕಂಡುಹಿಡಿದದ್ದೇನು? ಅಂಗೈಯಗಲದ ಒಂದು ಯಂತ್ರ. ಸೋಂಕಿನ ಜ್ವರ ಬಂದರೆ ಯಾವ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ ಎಂದು ತಿಳಿಯಲು ಈಗ ಲ್ಯಾಬ್‌ನಲ್ಲಿ ರೋಗಾಣು ಬೆಳೆಸಿ ನೋಡಬೇಕು. ಅದಕ್ಕೆ ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ಡಾಕ್ಟರು ಅಂದಾಜಿನ ಮೇಲೆ ಔಷಧ ಕೊಡುತ್ತಿರುತ್ತಾರೆ. ಚೈತ್ರಳ ಯಂತ್ರ ಕೆಲವೇ ಗಂಟೆಗಳಲ್ಲಿ ಉತ್ತರ ಹೇಳುತ್ತದೆ.

ಅಷ್ಟು ತಿಳಿದಿದ್ದೆ ನಾನು. ಅಷ್ಟೇ ತಿಳಿದಿದ್ದೆ.

ಕಳೆದ ವಾರ ಅಮ್ಮನಿಗೆ ಜ್ವರ. ಮೂತ್ರದ ಸೋಂಕು ಎಂದರು. ಕುಮಾರ ಪಾರ್ಕ್‌ನ ಒಂದು ನರ್ಸಿಂಗ್ ಹೋಮ್‌ಗೆ ಸೇರಿಸಿದೆವು. ಒಂದು ಔಷಧ ಕೊಟ್ಟರು, ಜ್ವರ ಇಳಿಯಲಿಲ್ಲ. ಇನ್ನೊಂದಕ್ಕೆ ಬದಲಾಯಿಸಿದರು, ಆಗಲೂ ಇಳಿಯಲಿಲ್ಲ. ‘ಕಲ್ಚರ್ ರಿಪೋರ್ಟ್ ಬರಲಿ’ ಎಂದರು ಡಾಕ್ಟರು. (ಅದೇ, ರೋಗಾಣು ಬೆಳೆಸಿ ನೋಡುವ ಪರೀಕ್ಷೆ.) ಮರುದಿನ ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಅಮ್ಮ ನನ್ನನ್ನು ನೋಡಿ, ‘ಬಾರೇ ಪದ್ಮಾ’ ಎಂದಳು. ಪದ್ಮ ಅವಳ ತಂಗಿ. ತೀರಿಕೊಂಡು ವರ್ಷಗಳಾಗಿವೆ.

ಕಾಫಿ ಅಲ್ಲೇ ಇಟ್ಟು ಆಟೊ ಹತ್ತಿದೆ.

ಚೈತ್ರ ಅಂಗಡಿಯ ಮುಂದೆ ಸ್ಕೂಟರ್ ಹೊರಡಿಸುತ್ತಿದ್ದಳು. ‘ನಿನ್ನ ಮೆಷಿನ್ ಬೇಕು, ನಡಿ’ ಎಂದೆ. ವಿಷಯ ಕೇಳಿ ಅವಳ ಮುಖ ಸಣ್ಣದಾಯಿತು.

‘ಆಂಟಿ, ಅದನ್ನ ಪೇಷೆಂಟ್‌ಗಳಿಗೆ ಬಳಸೋಕೆ ಇನ್ನೂ ಪರ್ಮಿಷನ್ ಇಲ್ಲ.’

‘ಯಾರಿಗೂ ಹೇಳಲ್ಲ ಕಣೇ.’

‘ಅದಲ್ಲ ಆಂಟಿ. ಕೆಲವು ಸಲ ತಪ್ಪು ಹೇಳತ್ತೆ ಅದು. ಯಾವ ಸಲ ಅಂತ ನಂಗಿನ್ನೂ ಗೊತ್ತಿಲ್ಲ. ಅಜ್ಜಿ ವಿಷಯದಲ್ಲೇ ತಪ್ಪಾಗ್ಬಿಟ್ರೆ?’

‘ಹಾಗಾದ್ರೆ ಪ್ರಶಸ್ತಿ ಯಾಕೆ ತಗೊಂಡೆ? ಶೋಕೇಸ್‌ನಲ್ಲಿ ಇಡೋಕಾ?’

ನಾನೇ ಅಂದದ್ದು. ಏರು ದನಿಯಲ್ಲಿ. ಹುರುಳಿಕಾಯಿ ತೂಗುತ್ತಿದ್ದ ಮುನಿರಾಜಣ್ಣ ತಕ್ಕಡಿ ಹಿಡಿದವರು ಹಾಗೇ ನಿಂತರು.

ಚೈತ್ರ ಸ್ಕೂಟರ್ ಆಫ್ ಮಾಡಿದಳು. ಸಂಸ್ಥೆಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದಳು. ಸ್ಕೂಟರಿನ ಹಿಂದಿನ ಸೀಟು ಒರೆಸಿ, ‘ಕೂತ್ಕೊಳ್ಳಿ, ಅಜ್ಜೀನ ನೋಡ್ತೀನಿ’ ಎಂದಳು.

ದಾರಿಯಲ್ಲಿ ಸಿಗ್ನಲ್ ಬಿದ್ದಾಗ ಹಿಂದೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು. ‘ಆಸ್ಪತ್ರೆಗೆ ಹೋಗೋ ಮೊದಲು ಅಜ್ಜಿ ಯಾವ್ದಾದ್ರೂ ಮಾತ್ರೆ ತಗೊಂಡಿದ್ರಾ?’

ತೆಗೆದುಕೊಂಡಿದ್ದಳು, ಆಂಟಿಬಯಾಟಿಕ್ ಮಾತ್ರೆ. ನಾನೇ ಮೆಡಿಕಲ್ ಶಾಪ್‌ನಿಂದ ತಂದುಕೊಟ್ಟಿದ್ದೆ. ಈ ಮಳೆಗಾಲದಲ್ಲಿ ಮೂರನೇ ಸಲವೋ ನಾಲ್ಕನೆಯದೋ. ಡಾಕ್ಟರ ಚೀಟಿ ಯಾರು ಕೇಳುತ್ತಾರೆ? ‘ಹೋದ ಸಲದ್ದೇ ಕೊಡಿ’ ಎಂದರಾಯಿತು. (ನಿಮ್ಮ ಮನೆಯಲ್ಲೂ ಹೀಗೇ ತಾನೆ?) ಡಾಕ್ಟರಿಗೆ ಇದನ್ನು ಹೇಳಬೇಕೆಂದೇ ನನಗೆ ಹೊಳೆದಿರಲಿಲ್ಲ.

ಚೈತ್ರಳ ಒತ್ತಾಯಕ್ಕೆ ಹೋಗಿ ಹೇಳಿದೆ. ‘ಇದನ್ನ ಮೊದಲೇ ಹೇಳ್ಬೇಕಿತ್ತಲ್ಲಮ್ಮಾ, ಹೀಗೆ ಪದೇ ಪದೇ ನುಂಗಿದ್ರೆ ರೋಗಾಣು ಔಷಧಕ್ಕೆ ಒಗ್ಗಿಹೋಗತ್ತೆ’ ಎಂದು ಡಾಕ್ಟರು ತಕ್ಷಣ ಔಷಧ ಬದಲಿಸಿದರು.

ಆಮೇಲೆ ಕಾಯುವುದು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಚೈತ್ರ ಉಗುರು ಕಚ್ಚುತ್ತ ಕೂತಿದ್ದಳು. ಅಮ್ಮ ಒಳಗಿನಿಂದ ಪದ್ಮಳನ್ನು ಕರೆಯುತ್ತಲೇ ಇದ್ದಳು. ಪ್ರತಿ ಸಲವೂ ನಾವಿಬ್ಬರೂ ಬಾಗಿಲ ಕಡೆ ನೋಡುತ್ತಿದ್ದೆವು.

‘ಇನ್ನೂ ಎಷ್ಟು ಕಾಲ ಬೇಕು ಆ ಯಂತ್ರಕ್ಕೆ?’ ಎಂದೆ.

‘ಬೇರೆ ಬೇರೆ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡ್ಬೇಕು. ಎಲ್ಲಾ ಕಡೆ ಒಪ್ಪಿಗೆ ತಗೋಬೇಕು. ವರ್ಷಗಳೇ ಆಗತ್ತೆ ಆಂಟಿ.’ ಕಚ್ಚಿದ ಉಗುರನ್ನೇ ನೋಡುತ್ತ, ‘ಪ್ರಶಸ್ತಿ ಸುದ್ದಿ ಪೇಪರ್‌ನಲ್ಲಿ ಬಂದ್ಮೇಲೆ ಯಾರ್ಯಾರೋ ಫೋನ್ ಮಾಡ್ತಾರೆ, ನಿಮ್ ಥರಾನೇ. ಎಲ್ರಿಗೂ ಇಲ್ಲ ಅಂತೀನಿ. ಒಬ್ರು ಮಗು ಐಸಿಯುನಲ್ಲಿದೆ ಅಂದಿದ್ರು. ಆಮೇಲೆ ಅವರು ಫೋನ್ ಮಾಡ್ಲಿಲ್ಲ. ನಾನೂ ಮಾಡಿ ಕೇಳ್ಲಿಲ್ಲ. ಧೈರ್ಯ ಬರ್ಲಿಲ್ಲ’ ಎಂದಳು.

ಅವಳ ಕೈ ಹಿಡಿದುಕೊಂಡೆ. ಕ್ಷಮೆ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನರ್ಸ್ ಕರೆದಳು.

ಮರುದಿನ ರಿಪೋರ್ಟ್ ಬಂತು. ಮೊದಲು ಕೊಟ್ಟಿದ್ದ ಎರಡೂ ಔಷಧಗಳಿಗೆ ಅಮ್ಮನ ರೋಗಾಣು ಜಗ್ಗಿರಲೇ ಇಲ್ಲ. ಈಗ ಕೊಡುತ್ತಿದ್ದುದಕ್ಕೆ ಜಗ್ಗಿತ್ತು. ಸಂಜೆಗೆ ಜ್ವರ ಇಳಿಯಿತು. ಅಮ್ಮ ನನ್ನ ಹೆಸರು ಹಿಡಿದು ಕರೆದು, ‘ಇವರ ಸಾರು ಬರೀ ನೀರು ಕಣೇ’ ಎಂದಳು. ಫೋನಿನಲ್ಲಿ ಇದನ್ನು ಹೇಳಿದಾಗ ಆ ಕಡೆ ಚೈತ್ರ ಅತ್ತಳೋ ನಕ್ಕಳೋ ತಿಳಿಯಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಅಮ್ಮನನ್ನು ಮನೆಗೆ ಕಳಿಸುವಾಗ ಡಾಕ್ಟರು ಇನ್ನಷ್ಟು ದಿನ ನುಂಗಬೇಕಾದ ಮಾತ್ರೆ ಬರೆದುಕೊಟ್ಟಿದ್ದರು. ಪೂರ್ತಿ ಮುಗಿಸಲೇಬೇಕು ಎಂದೂ ಹೇಳಿದ್ದರು. ನಿನ್ನೆ ನೋಡಿದರೆ ಸ್ಟ್ರಿಪ್ ಕಾಣಿಸಲಿಲ್ಲ.

‘ಮೇಲಿನ ಮನೆ ಸರೋಜಂಗೆ ಕೆಮ್ಮು ಅಂದ್ಲು, ಕೊಟ್ಬಿಟ್ಟೆ’ ಎಂದಳು ಅಮ್ಮ. ‘ನಂಗೆ ಜ್ವರ ಹೋಯ್ತಲ್ಲ. ಒಳ್ಳೇ ಮಾತ್ರೆ ಯಾಕೆ ವೇಸ್ಟ್ ಮಾಡೋದು?’

ಮೆಟ್ಟಿಲು ಹತ್ತಿ ಓಡಿದೆ. ಸರೋಜಮ್ಮ ಆಗಲೇ ಎರಡು ನುಂಗಿದ್ದರು. ಒಂದನ್ನು ಅವರ ಯಜಮಾನರಿಗೂ ಕೊಟ್ಟಿದ್ದರಂತೆ, ಮುಂಜಾಗ್ರತೆಗೆ.

ಉಳಿದದ್ದನ್ನು ಕಸಿದುಕೊಂಡು ಬಂದು ಅಮ್ಮನ ಮುಂದಿಟ್ಟೆ. ಚೈತ್ರಳಿಗೆ ಇದನ್ನು ಇನ್ನೂ ಹೇಳಿಲ್ಲ. ಹೇಗೆ ಹೇಳಲಿ? ಅವಳ ಯಂತ್ರಕ್ಕೆ ಇಂದಲ್ಲ ನಾಳೆ ಒಪ್ಪಿಗೆ ಸಿಗುತ್ತದೆ. ಯಾವ ಮಾತ್ರೆ ಕೆಲಸ ಮಾಡುತ್ತದೆ ಎಂದು ಅದು ಕೆಲವೇ ಗಂಟೆಗಳಲ್ಲಿ ಹೇಳುತ್ತದೆ.

ಅಷ್ಟು ಹೊತ್ತಿಗೆ ಕೆಲಸ ಮಾಡುವ ಮಾತ್ರೆ ಒಂದಾದರೂ ಉಳಿದಿರುತ್ತದಾ?