ತೋಳಿನ ಬೊಕ್ಕೆ, ಬೇರೆ ಹಗ್ಗ

ಕಾಲೇಜಿನಿಂದ ಬಂದು ನೋಡಿದರೆ ಜಗಲಿಯ ಹಗ್ಗದಲ್ಲಿ ನನ್ನ ಬಟ್ಟೆಗಳಿರಲಿಲ್ಲ. ಮನೆಯವರ ಬಟ್ಟೆಗಳೆಲ್ಲ ಅಲ್ಲೇ ಇದ್ದವು. ನನ್ನವು ಮಾತ್ರ ಹಿತ್ತಲ ಮಾಡಿನಡಿ, ಹೊಸದಾಗಿ ಕಟ್ಟಿದ ನೀಲಿ ಹಗ್ಗದ ಮೇಲೆ. ಮನೆಯೊಡತಿ ಜಲಜಕ್ಕ ಬಾಗಿಲಲ್ಲೇ ಕಾಯುತ್ತಿದ್ದರು.

"ಟೀಚರೇ, ಬೇಜಾರು ಮಾಡ್ಬೇಡಿ. ನಿಮ್ಮ ಕೈಯಲ್ಲಿ ಎಂತ ಅದು? ಕಜ್ಜಿಯಾ?"

ಮಣಿಪಾಲದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ, ಅಲೆವೂರಿನ ಈ ಮನೆಯಲ್ಲಿ ಕೋಣೆ ಹಿಡಿದು ಆಗಿನ್ನೂ ಹೆಚ್ಚು ದಿನಗಳಾಗಿರಲಿಲ್ಲ. ವಿಜಯಪುರದ ಬಿಸಿಲಿಗೆ ನಾವು ತೋಳು ಮುಚ್ಚುತ್ತೇವೆ. ಇಲ್ಲಿಯ ಸೆಕೆಗೆ ತೋಳಿಲ್ಲದ ನೈಟಿಯೇ ಗತಿ. ಹಾಗೆ ಹೊರಗೆ ಬಿದ್ದದ್ದು ನನ್ನ ತೋಳಿನ ಹಿಂಬದಿ. ರವೆ ಚೆಲ್ಲಿ ಅಂಟಿಸಿದಂಥ ಸಣ್ಣ ಸಣ್ಣ ಬೊಕ್ಕೆಗಳು.

ಜಲಜಕ್ಕನ ಮಗಳು ಕಾಪುವಿನಿಂದ ಬಾಣಂತನಕ್ಕೆ ಬರುವವಳಿದ್ದಳು. "ಮಗು ಬರುವ ಮನೆ. ಅಷ್ಟರೊಳಗೆ ಇದು ಹೋಗದಿದ್ರೆ ನೀವು ಬೇರೆ ರೂಮ್ ನೋಡ್ಬೇಕಾಗ್ತದೆ" ಎಂದರು. ಗಟ್ಟಿಯಾಗಿ ಹೇಳಲಿಲ್ಲ. ಅದೇ ಹೆಚ್ಚು ಹೆದರಿಸಿತು. ಮಳೆ ಹತ್ತಿರವಿತ್ತು, ಈ ಸೀಮೆಯಲ್ಲಿ ನನಗೆ ಬೇರೆ ಯಾರ ಗುರುತೂ ಇರಲಿಲ್ಲ.

"ನಿಮ್ಮ ನಾಗಮೂಲ ಎಲ್ಲಿ?" ಎಂದು ಆಮೇಲೆ ಕೇಳಿದರು.

ಇಲ್ಲಿ ಕುಟುಂಬಕ್ಕೊಂದು ನಾಗಬನ ಇರುತ್ತದೆ, ಅದೇ ಮೂಲ. ಚರ್ಮಕ್ಕೆ ಏನಾದರೂ ಬಂದರೆ ಅಲ್ಲಿಯ ಪೂಜೆ ಬಾಕಿ ಇದೆಯೇ ಎಂದು ಮೊದಲು ವಿಚಾರಿಸುತ್ತಾರೆ. ಜಲಜಕ್ಕನದು ಕಾರ್ಕಳದ ಆಚೆ, ಅಜೆಕಾರಿನಲ್ಲಿ. ನಮ್ಮಲ್ಲಿ ಪಂಚಮಿ ಎಂದರೆ ಜೋಕಾಲಿ, ಉಂಡಿ, ಊರಾಚೆಯ ಯಾವುದೋ ಹುತ್ತಕ್ಕೆ ಹಾಲು. ಅದು ಯಾರ ಹುತ್ತ ಎಂದು ಯಾರೂ ಕೇಳುವುದಿಲ್ಲ.

"ನಮಗೆ ಅಂಥದ್ದಿಲ್ಲ" ಎಂದೆ.

"ಮೂಲ ಇಲ್ಲದವರು ಇರ್ತಾರಾ ಮಾರಾಯ್ರೆ! ಗೊತ್ತಿಲ್ಲ ಅಂತ ಹೇಳಿ."

ಅದು ಸಿಕ್ಕುವವರೆಗೆ ಎಂದು ತಮ್ಮದೇ ಔಷಧಿ ಶುರುಮಾಡಿದರು. ಹಂಡೆಯಲ್ಲಿ ಕುದಿಯುವಂಥ ನೀರು, ತೆಂಗಿನೆಣ್ಣೆ, ತಿಕ್ಕಲು ತೆಂಗಿನ ನಾರು. ನಾನು ಬಾಯಿ ಮುಚ್ಚಿಕೊಂಡು ತಿಕ್ಕಿದೆ. ಅವರ ಪ್ರೀತಿಗೆ ಮಣಿದೆ ಎಂದು ಆಗ ಅಂದುಕೊಂಡಿದ್ದೆ. ಕೋಣೆ ಹೋದೀತೆಂಬ ಭಯವೇ ಇದ್ದಿರಬೇಕು. ತೋಳು ಕೆಂಪೇರಿ, ಕುಪ್ಪಸ ತಗುಲಿದರೂ ಉರಿಯತೊಡಗಿತು.

ಕೊನೆಗೆ ಮಣಿಪಾಲದಲ್ಲೇ ಚರ್ಮದ ವೈದ್ಯೆಯೊಬ್ಬರಿಗೆ ತೋರಿಸಿದೆ. ಅವರು ಮೊದಲು ನಾರನ್ನು ಬಿಡಿಸಿದರು. ಇದು ಅಂಟುವುದಲ್ಲ, ರೋಮದ ಬುಡದಲ್ಲಿ ಚರ್ಮದ ಪದರವೇ ಗಟ್ಟಿಯಾಗಿ ಕೂರುತ್ತದೆ, ತಿಕ್ಕಿದಷ್ಟೂ ಕೆರಳುತ್ತದೆ ಎಂದರು. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಮೈ ಒದ್ದೆ ಇರುವಾಗಲೇ ಯೂರಿಯಾ ಇರುವ ಕ್ರೀಮು ಹಚ್ಚಬೇಕು. ನಯವಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬಿಟ್ಟರೆ ಮತ್ತೆ ಬರುತ್ತದೆ.

ಊರಲ್ಲಿ ನನ್ನ ತೋಳು ನಯವಾಗಿತ್ತು, ಇದೆಲ್ಲ ಇಲ್ಲಿಯ ಬೆವರಿನ ಕೊಡುಗೆ ಎಂದು ಪ್ರಮಾಣ ಮಾಡಲು ಸಿದ್ಧಳಿದ್ದೆ. ಅವ್ವನಿಗೆ ಫೋನ್ ಮಾಡಿದರೆ, "ಸಣ್ಣಾಕಿ ಇದ್ದಾಗಿಂದ ಅದಾವಲ್ಲವಾ. ನಿಮ್ಮಪ್ಪನ ತೋಳೂ ಹಂಗ" ಎಂದಳು. ನೆನಪಿನ ಆ ನಯವಾದ ತೋಳು ಯಾರದೋ ಗೊತ್ತಿಲ್ಲ. ಅಂಗಿಯ ತೋಳನ್ನೇ ನೆನಪಿಟ್ಟಿದ್ದೆನೇನೋ.

ಜಲಜಕ್ಕನಿಗೆ ಸುಳ್ಳು ಹೇಳುವುದು ಸುಲಭವಿತ್ತು. ಆದರೂ ಹೇಳಿದೆ: "ಇದು ಹೋಗೋದಿಲ್ಲ ಅಕ್ಕಾ. ಯಾರಿಗೂ ಅಂಟೋದೂ ಇಲ್ಲ."

ಅವರು ಕ್ರೀಮಿನ ಟ್ಯೂಬನ್ನು ತಿರುಗಿಸಿ ನೋಡಿದರು. "ಯೂರಿಯಾ? ಗದ್ದೆಗೆ ಹಾಕುವುದಾ?"

ನಗು ಬಂತು, ಆದರೆ ಅವರು ನಗಲಿಲ್ಲ. ಇರಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ನಾನು ಪೆಟ್ಟಿಗೆಯನ್ನು ಅರ್ಧ ತುಂಬಿಸಿಟ್ಟು ದಿನ ನೂಕಿದೆ.

ಮಗಳು ಬಂದಳು, ಮಳೆ ಹಿಡಿಯಿತು, ಮಗು ಹುಟ್ಟಿತು. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ ನೀಲಿ ಹಗ್ಗದಲ್ಲಿ ನನ್ನ ಚೂಡಿದಾರದ ಪಕ್ಕಕ್ಕೆ ಮಗುವಿನ ಬಟ್ಟೆಗಳ ಸಾಲು. ನಾನು ಅಲ್ಲೇ ನಿಂತದ್ದು ನೋಡಿ ಜಲಜಕ್ಕ, "ಎಂತ ನೋಡುವುದು? ಮುಂದಿನ ಹಗ್ಗದಲ್ಲಿ ಜಾಗ ಇಲ್ಲ. ಮಳೆ ಕಾಣುವುದಿಲ್ವಾ?" ಎಂದು ಗದರಿದರು. ಒಳಗೆ ಬಂದು ಪೆಟ್ಟಿಗೆ ಖಾಲಿ ಮಾಡಿದೆ.

ಚಳಿಗಾಲದಲ್ಲಿ ಊರಿಗೆ ಹೋದಾಗ ಒಣ ಗಾಳಿಗೆ ತೋಳು ಮತ್ತೆ ಒರಟಾಯಿತು. "ಆ ಕಡಿ ನೀರು ನಿನಗ ಒಗ್ಗವಲ್ದು" ಎಂದಳು ಅವ್ವ. ಹಿಂತಿರುಗಿದ ದಿನ ಜಲಜಕ್ಕ ನನ್ನ ತೋಳಿನ ಮೇಲೆ ಬೆರಳಾಡಿಸಿ, "ಊರಿಗೆ ಹೋಗಿ ಹಾಳು ಮಾಡಿಕೊಂಡು ಬಂದ್ರಲ್ಲ" ಎಂದರು. ನಾನು ಇಬ್ಬರಿಗೂ ಹೂಂಗುಟ್ಟಿದೆ.

ನೀಲಿ ಹಗ್ಗ ಇನ್ನೂ ಹಾಗೇ ಉಂಟು. ಅವರು ಬಿಚ್ಚಿಲ್ಲ, ನಾನೂ ಕೇಳಿಲ್ಲ.

ಈ ಸಲದ ಪಂಚಮಿಗೆ ಅಜೆಕಾರಿಗೆ ಹೊರಟ ಜಲಜಕ್ಕ, ನಾಗನಿಗೆ ಎಳನೀರೆರೆಯಲು ಒಂದು ಸೀಯಾಳ ಹೆಚ್ಚಿಗೆ ಎತ್ತಿಟ್ಟರು.

"ನಿಮ್ಮದು ನಮ್ಮ ಬನದಲ್ಲೇ ಇಡ್ತೇನೆ, ನಿಮ್ಮ ಮೂಲ ಸಿಕ್ಕುವವರೆಗೆ. ಭಟ್ರು ಕೇಳಿದ್ರೆ ಯಾವ ಊರು ಅಂತ ಹೇಳುವುದು?"

ಒದ್ದೆ ತೋಳಿಗೆ ಕ್ರೀಮು ಹಚ್ಚುತ್ತಿದ್ದೆ. "ವಿಜಯಪುರ" ಎಂದೆ.

"ಆಯ್ತು. ಈಗ ಅಲೆವೂರು ಅಂತ ಸೇರಿಸ್ತೇನೆ."