ನಿಂತ ಚಂದ್ರ, ಮಲಗಿದ ಚಂದ್ರ

ಗೌಸ್ ಮೊಹಿದ್ದೀನ್ ಅವರಿಗೆ ತಕ್ಕಡಿಯನ್ನು ಸುಮ್ಮನೆ ನಂಬುವ ಅಭ್ಯಾಸವಿಲ್ಲ. ಮುಳಬಾಗಿಲಿನ ಅವರ ಅಂಗಡಿಗೆ ರಿಪೇರಿಗೆ ಬಂದ ಯಾವ ತಕ್ಕಡಿಯನ್ನೂ ಅವರು ಒಂದೇ ಸಲ ತೂಗಿ ಸರಿ ಎಂದದ್ದನ್ನು ನಾನು ನೋಡಿಲ್ಲ. ಎಡ ತಟ್ಟೆಯಲ್ಲಿ ತೂಕದ ಕಲ್ಲು, ಬಲ ತಟ್ಟೆಯಲ್ಲಿ ಸರಕು ಇಟ್ಟು ಒಮ್ಮೆ ತೂಗುತ್ತಾರೆ. ಆಮೇಲೆ ಎರಡನ್ನೂ ಅದಲು ಬದಲು ಮಾಡಿ ಇನ್ನೊಮ್ಮೆ. ದಂಡಿಗೆಯ ಒಂದು ತೋಳು ಕೂದಲೆಳೆಯಷ್ಟು ಉದ್ದವಿದ್ದರೂ ಎರಡನೇ ಸಲಕ್ಕೆ ಸಿಕ್ಕಿಬೀಳುತ್ತದೆ. ಈಗ ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಎಲ್ಲೆಲ್ಲೂ ಎಲೆಕ್ಟ್ರಾನಿಕ್ ತಕ್ಕಡಿಗಳು. ಅವನ್ನೂ ಅವರು ಕಲಿತುಕೊಂಡರು. ಟೊಮೆಟೊ ಕ್ರೇಟನ್ನು ತಕ್ಕಡಿಯ ನಾಲ್ಕು ಮೂಲೆಗೂ ಸರಿಸಿ ನೋಡುತ್ತಾರೆ. ಮೂಲೆ ಬದಲಾದಾಗ ಅಂಕಿಯೂ ಬದಲಾದರೆ ಸ್ಕ್ರೂ ಡ್ರೈವರ್ ಕೈಗೆ ಬರುತ್ತದೆ.

ಅವರ ಮಗಳು ಮುಬಶ್ಶಿರಾ ಮತ್ತು ನಾನು ಕೋಲಾರದಲ್ಲಿ ಬಿ.ಎಸ್‌ಸಿ. ಒಟ್ಟಿಗೆ ಓದಿದೆವು. ಅವಳು ಮುಂದೆ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ, ಈಗ ಕೋಲಾರದಲ್ಲೇ ಕಾಲೇಜು ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವರ ಮನೆಗೆ ನಾನು ಹೋಗಿ ಬರುವುದು ಆಗಿನಿಂದ. ಮನೆಯೊಳಗೆ ಅವರದು ದಖ್ನಿ ಉರ್ದು ಮಾತು. ನಮ್ಮಂಥವರು ಒಬ್ಬರು ಬಂದರೂ ಎಲ್ಲರೂ ಕನ್ನಡಕ್ಕೆ ತಿರುಗುತ್ತಾರೆ, ಯಾರೂ ಹೇಳದೆ.

ತಕ್ಕಡಿಯ ಕೆಲಸವಲ್ಲದೆ ಗೌಸ್ ಅವರಿಗೆ ಇನ್ನೊಂದು ಹೊಣೆಯಿತ್ತು. ರಂಜಾನ್ ತಿಂಗಳ ಇಪ್ಪತ್ತೊಂಬತ್ತನೇ ಸಂಜೆ ಅವರು ದೇವರಾಯಸಮುದ್ರದ ಕೆರೆ ಕಟ್ಟೆಗೆ ಹೋಗಿ ಚಂದ್ರನನ್ನು ಹುಡುಕಬೇಕು. ಅಲ್ಲಿಂದ ಪಡುವಣ ಬಯಲಾಗಿ ಕಾಣುತ್ತದೆ. ಹೊಸ ಚಂದ್ರ ಕಣ್ಣಿಗೆ ಬಿದ್ದರೆ ಮರುದಿನ ಹಬ್ಬ, ಇಲ್ಲವಾದರೆ ಇನ್ನೊಂದು ದಿನದ ಉಪವಾಸ, ಮೂವತ್ತನೇ ರೋಜಾ. ಮೋಡವಿರುವ ಸಂಜೆ ಕಂಡೆನೆಂದು ಹೇಳಲು ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಮಸೀದಿಯವರು ಆ ಸಾಕ್ಷ್ಯವನ್ನು ಹಬ್ಬದ ದಿನ ತೀರ್ಮಾನಿಸುವ ಬೆಂಗಳೂರಿನ ಸಮಿತಿಗೆ ತಿಳಿಸುತ್ತಾರೆ. ಎಲ್ಲ ಜಿಲ್ಲೆಗಳಿಂದಲೂ ಹೀಗೆ ಸುದ್ದಿ ಹೋಗುತ್ತದೆ. ಗೌಸ್ ಮೊಹಿದ್ದೀನ್ ಕಂಡೆ ಎಂದರೆ ಮುಳಬಾಗಿಲಿನಲ್ಲಿ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ.

ಆಮೇಲೆ ಕಣ್ಣಿಗೆ ಪೊರೆ ಬಂತು. ಎರಡು ರಂಜಾನ್ ಅವರು ಕಟ್ಟೆಗೆ ಹೋಗಲಿಲ್ಲ. ಕಾಣದವನು ಅಲ್ಲಿ ಹೋಗಿ ನಿಲ್ಲುವುದು ನಾಟಕವಾಗುತ್ತದೆ ಎಂದು ಮನೆಯಲ್ಲೇ ಕೂತರು. ಕಳೆದ ಚಳಿಗಾಲದಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಹೊಸ ಮಸೂರ ಬಂತು. ಮೊದಲ ದಿನವೇ ಎದುರು ಮನೆಯ ಗೋಡೆಯ ಬಿರುಕು ಎಣಿಸಿ ಹೆಂಡತಿ ಜಹಾನಾರಾಗೆ ಹೇಳಿದರಂತೆ, "ಈ ಸಲ ಚಾಂದ್ ನಾನೇ ನೋಡ್ತೀನಿ." ಅಂದಿನಿಂದ ಮನೆಯಲ್ಲಿ ಅದೇ ಮಾತು. ಸಾಕ್ಷಿಯ ಜಾಗ ಇನ್ನೊಬ್ಬರದಾಗುವ ಮುನ್ನ ಮತ್ತೊಮ್ಮೆ ಅಲ್ಲಿ ನಿಲ್ಲಬೇಕು ಎನ್ನುವುದು ಅವರ ಆಸೆ.

ಆ ಸಂಜೆ ನಾವು ಐದು ಜನ ವೆಂಕಟರಮಣಪ್ಪನವರ ವ್ಯಾನಿನಲ್ಲಿ ಹೊರಟೆವು. ವೆಂಕಟರಮಣಪ್ಪ ಟೊಮೆಟೊ ಮಂಡಿಯವರು, ಗೌಸ್ ಅವರ ಹಳೆಯ ಸ್ನೇಹಿತ. ಪ್ರತಿ ವರ್ಷ ಚಂದ್ರ ನೋಡಲು ಬರುತ್ತಾರೆ, ಅಲಸಂದೆ ವಡೆ ತರುತ್ತಾರೆ. ಐದನೆಯವನು ಅರ್ಬಾಜ್, ಜಹಾನಾರಾ ಅವರ ಅಣ್ಣನ ಮಗ; ಗೌಸ್ ಅವನಿಗೆ ಫೂಫಾ, ಸೋದರತ್ತೆಯ ಗಂಡ. ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಮಾತಿನಲ್ಲೂ ಕೈಯಲ್ಲೂ ಬಹಳ ಚುರುಕು.

ದಾರಿಯಲ್ಲಿ ಮುಬಶ್ಶಿರಾ ತಂದೆಯ ಕಡೆ ವಾಲಿದಳು. "ಅಬ್ಬಾ, ಇವತ್ತು ಚಂದ್ರ ಎಷ್ಟು ಎತ್ತರದಲ್ಲಿ ಇರುತ್ತೆ ಅಂತ ಲೆಕ್ಕ ಹಾಕಿದ್ದೀನಿ. ಹೇಳ್ಲಾ?"

"ಬೇಡ."

"ಯಾಕೆ? ಎಲ್ಲಿ ನೋಡ್ಬೇಕು ಅಂತ ಗೊತ್ತಿದ್ರೆ ಸುಲಭ ಅಲ್ವಾ?"

"ಅದಕ್ಕೇ ಬೇಡ ಅಂದಿದ್ದು ಕಣಮ್ಮಾ. ನೀನು ಇಲ್ಲಿದೆ ಅಂದ್ರೆ ನನ್ನ ಕಣ್ಣು ಅಲ್ಲೇ ಒಂದು ಚಂದ್ರನ್ನ ಹುಟ್ಟಿಸಿಬಿಡುತ್ತೆ."

ಅವಳು ನಕ್ಕಳು. ವ್ಯಾನು ಇಳಿದ ಮೇಲೆ ನನಗೊಬ್ಬನಿಗೇ ಹೇಳಿದಳು: ಅವಳ ಲೆಕ್ಕದ ಪ್ರಕಾರ ಆ ಸಂಜೆ ಚಂದ್ರ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿಯೂ ಎತ್ತರದಲ್ಲಿಯೂ ಇರಬೇಕು. ಬಾನು ತಿಳಿಯಾಗಿದ್ದರೆ ಮಾತ್ರ.

ಬಾನು ತಿಳಿಯಾಗಿರಲಿಲ್ಲ. ಮಾರ್ಚ್ ತಿಂಗಳ ಧೂಳಿನ ಜೊತೆ ಮೋಡದ ಒಂದು ಪಟ್ಟಿ ಕೋಲಾರದ ಬೆಟ್ಟಗಳ ಮೇಲೆ ಮಲಗಿತ್ತು. ಕಟ್ಟೆಯ ಬಲ ತುದಿಯಲ್ಲಿ ರಸ್ತೆಗೆ ಹತ್ತಿಕೊಂಡಂತೆ ಹೊಸದೊಂದು ಟೀ ಅಂಗಡಿ ಎದ್ದಿತ್ತು. ಅದರ ಕಂಬದ ಮೇಲೆ ಕಣ್ಣು ಕುಕ್ಕುವ ಬಿಳಿ ದೀಪ. ಮಸೀದಿಯ ಬಾಂಗ್ ಕೇಳಿಸಿತು, ಉಪವಾಸ ಬಿಟ್ಟದ್ದಾಯಿತು. ಖರ್ಜೂರ, ನೀರು, ಆಮೇಲೆ ವಡೆ.

"ಏಮಯ್ಯಾ ಗೌಸು, ಹೊಸ ಕಣ್ಣು ಹಾಕ್ಸ್ಕೊಂಡಿದ್ದೀಯ. ಇವತ್ತು ಚಂದ್ರನ ಮೇಲಿರೋ ಮೊಲಾನೂ ಕಾಣ್ಬೇಕು" ಎಂದರು ವೆಂಕಟರಮಣಪ್ಪ.

"ಮೊದ್ಲು ನಿನ್ನ ವಡೇಲಿ ಅಲಸಂದೆ ಎಲ್ಲಿದೆ ಅಂತ ಹುಡುಕ್ತಾ ಇದ್ದೀನಿ. ಬರೀ ಈರುಳ್ಳೀನೇ ಸಿಗ್ತಿದೆ."

"ಅಬ್ಬೋ! ವರ್ಷಾ ವರ್ಷಾ ತಿಂದು ವರ್ಷಾ ವರ್ಷಾ ಇದೇ ಮಾತು."

ಕಟ್ಟೆಯ ಮೇಲೇ ಚಾಪೆ ಹಾಸಿ ನಮಾಜು ಮುಗಿಸಿದವರು ಎದ್ದು ಪಡುವಣಕ್ಕೆ ಮುಖ ಮಾಡಿ ನಿಂತರು. ಕೆಂಪು ಇಳಿದು ಬೂದು ಬಣ್ಣ ಬಂತು. ನಾನು ಏನನ್ನೂ ಕಾಣಲಿಲ್ಲ. ಮುಬಶ್ಶಿರಾ ಕಣ್ಣು ಕಿರಿದು ಮಾಡಿ ಒಂದೇ ಕಡೆ ನೋಡುತ್ತಿದ್ದಳು, ಅವಳಿಗೂ ಕಾಣಲಿಲ್ಲ.

"ಅಗೋ!" ಎಂದರು ಗೌಸ್. "ಅಗೋ, ಬೆಟ್ಟದ ಬಲಕ್ಕೆ. ಕಂಡಿತು!"

ಅರ್ಬಾಜ್ ಅವರ ಬೆರಳಿನ ಗುಂಟ ನೋಡಿದ. "ಹಾಂ ಫೂಫಾ! ಕಂಡಿತು, ಕಂಡಿತು! ಸಣ್ಣಗೆ!" ಹೇಳುತ್ತಲೇ ಮಸೀದಿಯ ಕಾರ್ಯದರ್ಶಿಗೆ ಫೋನು ಹಚ್ಚಿದ. "ಇಬ್ಬರು ಸಾಕ್ಷಿಗಳು, ಫೂಫಾ ಮತ್ತು ನಾನು" ಎಂದು ಹೇಳಿ ಮುಗಿಸಿದ. ವೆಂಕಟರಮಣಪ್ಪ ಗೆಳೆಯನನ್ನು ತಬ್ಬಿಕೊಂಡರು. ಅಷ್ಟರಲ್ಲಿ ಜಹಾನಾರಾ ಅವರಿಗೂ ಸುದ್ದಿ ಮುಟ್ಟಿ, ಅವರ ಫೋನು ಬಂತು. "ಶಾವಿಗೆ ಹುರಿಯೋಕೆ ಇಡ್ಲಾ?"

"ಇಡು ಫೂಫಿ, ಇಡು!" ಎಂದ ಅರ್ಬಾಜ್.

ಹೊಸ ಚಂದ್ರನನ್ನು ಕಂಡವರು ದುವಾ ಹೇಳುವುದು ರೂಢಿ. ಗೌಸ್ ಮತ್ತೆ ಪಡುವಣಕ್ಕೆ ತಿರುಗಿ ಎರಡೂ ಅಂಗೈ ಬಿಚ್ಚಿ ಮುಖದ ಮುಂದೆ ಎತ್ತಿದರು. ಅವರ ತುಟಿ ಅಲುಗಿತು. ಆಮೇಲೆ ನಿಂತಿತು.

ಅವರು ಕೈ ಕೆಳಗಿಳಿಸಿದರು. ಮತ್ತೆ ಎತ್ತಿದರು. ಬಲಗೈಯನ್ನು ಮಾತ್ರ ಇಳಿಸಿದರು, ಮತ್ತೆ ಬಲಗಣ್ಣಿನ ಪಕ್ಕಕ್ಕೆ, ಕಿವಿಯ ಹತ್ತಿರ ಮರೆಯಂತೆ ಹಿಡಿದರು. ಬಲಗಣ್ಣು ಮುಚ್ಚಿ ನೋಡಿದರು. ತಲೆಯನ್ನು ಒಂದಿಷ್ಟು ವಾಲಿಸಿದರು. ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕೂತಾಗಿನ ಮುಖವೇ ಅದು.

"ಏನಾಯ್ತು ಅಬ್ಬಾ?"

"ಕೈ ಎತ್ತಿದ್ರೆ ಚಂದ್ರ ಇಲ್ಲ. ಇಳಿಸಿದ್ರೆ ಇದೆ." ಅವರು ಟೀ ಅಂಗಡಿಯ ದೀಪದ ಕಡೆ ನೋಡಿದರು. "ತಲೆ ವಾಲಿಸಿದ್ರೆ ಅದೂ ವಾಲುತ್ತೆ. ಇದು ಆಕಾಶದಲ್ಲಿ ಇಲ್ಲ. ನನ್ನ ಕಣ್ಣಲ್ಲಿದೆ."

ಅವರು ಅರ್ಬಾಜ್ ಕಡೆ ತಿರುಗಿದರು. "ನೀನು ನೋಡಿದ್ದು ಹೇಗಿತ್ತು?"

"ಹೇಗಿತ್ತು ಅಂದ್ರೆ? ಚಂದ್ರನ ಥರಾನೇ ಇತ್ತು ಫೂಫಾ."

"ನಿಂತಿತ್ತಾ, ಮಲಗಿತ್ತಾ?"

ಪರೀಕ್ಷೆಯ ಕೋಣೆಯಲ್ಲಿ ಪಕ್ಕದವರ ಕಡೆ ನೋಡುವಂತೆ ಅರ್ಬಾಜ್ ಮುಬಶ್ಶಿರಾ ಕಡೆ ನೋಡಿದ. ಅವಳು ಕೆರೆ ನೋಡುತ್ತಿದ್ದಳು. "ಅದೂ... ಕೂತಿತ್ತು" ಎಂದ.

ವೆಂಕಟರಮಣಪ್ಪ ತಡೆಯಲಾರದೆ ನಕ್ಕುಬಿಟ್ಟರು. "ಏನ್ಲಾ, ಕಾಫಿ ಕುಡೀತಾ ಕೂತಿತ್ತಾ?"

"ನೀವು ಅಗೋ ಅಂದ್ರಲ್ಲ ಫೂಫಾ" ಎಂದ ಅರ್ಬಾಜ್, ಮೆತ್ತಗೆ. "ನೀವು ಅಂದ ಮೇಲೆ ನಂಗೂ ಕಂಡಂಗೇ ಆಯ್ತು. ಅಲ್ಲಾ ಆಣೆ, ಸುಳ್ಳು ಹೇಳಿದ್ದಲ್ಲ."

"ಗೊತ್ತು ಬಿಡೋ. ನಾನೂ ಸುಳ್ಳು ಹೇಳಿರ್ಲಿಲ್ಲ. ಈ ತಿಂಗಳಲ್ಲಿ ನಮ್ಮ ಕಡೆ ಚಂದ್ರ ದೋಣಿ ಥರ ಮಲಗಿರುತ್ತೆ. ನನ್ನದು ನೆಟ್ಟಗೆ ನಿಂತಿತ್ತು. ಎಷ್ಟು ವರ್ಷದಿಂದ ನೋಡ್ತಾ ಇದ್ದೀನಿ! ಖುಷೀಲಿ ಅದೂ ತೋಚಲಿಲ್ಲ ನೋಡು."

ಕಾರ್ಯದರ್ಶಿಗೆ ತಿಳಿಸಲು ಅವರು ಮಗಳ ಫೋನು ಕೇಳಿದರು. ಮುಬಶ್ಶಿರಾ ಕೊಡಲಿಲ್ಲ. "ಅಬ್ಬಾ, ಒಂದು ನಿಮಿಷ. ಈಗ ಹೇಳಬಹುದಲ್ವಾ? ಚಂದ್ರ ಇದೆ. ಆ ಮೋಡದ ಹಿಂದೆ. ನನ್ನ ಲೆಕ್ಕದಲ್ಲಿ ಅನುಮಾನವೇ ಇಲ್ಲ. ನೀವು ಸುಮ್ಮನಿದ್ದರೆ ಯಾವ ಸುಳ್ಳೂ ಆಗಲ್ಲ. ನೀವು ವಾಪಸ್ ತಗೊಂಡ್ರೆ ಗೌಸ್ ಭಾಯ್ ಕಣ್ಣು ಹೋಯ್ತು ಅಂತಾರೆ. ಇನ್ಯಾವತ್ತೂ ನಿಮ್ಮನ್ನ ಕೇಳಲ್ಲ."

ಅದು ಅವರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಕಟ್ಟೆಯ ಕಲ್ಲಿನ ಮೇಲೆ ಕೂತರು.

"ನಿನ್ನ ಲೆಕ್ಕ ತಪ್ಪು ಅಂತ ನಾನೆಲ್ಲಿ ಅಂದೆ? ಚಂದ್ರ ಇದೆಯಾ ಅಂತ ಯಾರಾದ್ರೂ ನನ್ನ ಕೇಳಿದ್ರೆ, ನನ್ನ ಮಗಳನ್ನ ಕೇಳಿ ಅಂತೀನಿ. ಆದ್ರೆ ಅಲ್ಲಿ ಕೇಳೋದು ಅದಲ್ಲಮ್ಮ. ನೀನು ನೋಡಿದ್ಯಾ ಅಂತ. ಅದಕ್ಕೆ ಜವಾಬು ನಾನೇ ಕೊಡ್ಬೇಕು. ನೋಡಿಲ್ಲ." ಅವರು ಕೈ ಚಾಚಿದರು. "ಕೊಡು."

ಕಾರ್ಯದರ್ಶಿಗೆ ಅವರೇ ಹೇಳಿದರು. ಸ್ಪೀಕರಿನಲ್ಲಿ ನಮಗೂ ಕೇಳಿಸುತ್ತಿತ್ತು. ಬೆಂಗಳೂರಿಗೆ ಇನ್ನೂ ತಿಳಿಸಿರಲಿಲ್ಲ, ಈಗ ತಿಳಿಸುವುದರಲ್ಲಿದ್ದರು. ಕಾರ್ಯದರ್ಶಿ ಕೇಳಿದರು:

"ಗೌಸ್ ಭಾಯ್, ಬೇಜಾರು ಮಾಡ್ಕೋಬೇಡಿ. ಹಾಗಾದ್ರೆ ಇಷ್ಟು ವರ್ಷ ಹೇಳಿದ್ದು?"

"ಆಗ ಕಣ್ಣು ನನ್ನದೇ ಇತ್ತು ಜನಾಬ್. ಇದು ಆಸ್ಪತ್ರೆಯವರದ್ದು. ಇನ್ನೂ ಪರಿಚಯ ಆಗಿಲ್ಲ."

ಆ ಕಡೆಯವರು ನಕ್ಕರು. ಅಲ್ಲಿಗೆ ಮುಗಿಯಿತು. ಆ ಸಂಜೆ ಬೇರೆ ಎಲ್ಲಿಂದಲೂ ಕಂಡ ಸುದ್ದಿ ಬರಲಿಲ್ಲ. ಮರುದಿನ ಮೂವತ್ತನೇ ರೋಜಾ ಎಂದು ತೀರ್ಮಾನವಾಯಿತು. ಜಹಾನಾರಾ ಒಲೆ ಆರಿಸಿದರು. ಹುರಿದ ಶಾವಿಗೆ ಕೆಟ್ಟು ಹೋಗಲ್ಲ ಬಿಡಿ ಎಂದರಂತೆ.

ವ್ಯಾನಿನಲ್ಲಿ ಊರಿಗೆ ಬರುತ್ತಿದ್ದೆವು. ನರಸಾಪುರದ ಕಡೆಯಿಂದ ಬರುವ ಲಾರಿಗಳು ಒಂದರ ಹಿಂದೆ ಒಂದು ದಾಟಿಹೋದವು. ಮುಬಶ್ಶಿರಾ ನನ್ನ ಕಡೆ ತಿರುಗಿ ಹೇಳಿದಳು. ಅವಳ ಲ್ಯಾಬಿನಲ್ಲಿ ಮಕ್ಕಳು ಲೋಲಕ ತೂಗಿಬಿಟ್ಟು ಗುರುತ್ವದ ಬೆಲೆ ಕಂಡುಹಿಡಿಯಬೇಕು. ಬರಬೇಕಾದ ಉತ್ತರ ಎಲ್ಲರಿಗೂ ಪುಸ್ತಕದಿಂದ ಗೊತ್ತು. ಕೆಲವರು ಲೋಲಕವನ್ನೇ ಮುಟ್ಟದೆ, ಆ ಉತ್ತರ ಬರುವಂತೆ ಅಂಕಿಗಳನ್ನು ಕೂರಿಸಿ ಬರೆಯುತ್ತಾರೆ.

"ಉತ್ತರ ಸರಿಯಾಗಿರುತ್ತೆ. ನಾನು ಸೊನ್ನೆ ಹಾಕ್ತೀನಿ" ಎಂದಳು. "ಇವತ್ತು ಅಬ್ಬಾಗೆ ಅದನ್ನೇ ಮಾಡಿ ಅಂದೆ ನೋಡು."

ಮುಂದಿನ ಸೀಟಿನಿಂದ ಗೌಸ್, "ಸೊನ್ನೆ ಹಾಕ್ತೀಯಾ? ಪಾಪ, ಒಂದೆರಡು ಕೊಡು" ಎಂದರು.

"ಕೊಡಲ್ಲ ಅಬ್ಬಾ."

"ಸರಿ ಬಿಡು. ಕೊಡಬೇಡ."

ಅವರ ಧ್ವನಿಯಲ್ಲಿ ದುಃಖವಿತ್ತೇ ಎಂದು ನಾನು ಗಮನವಿಟ್ಟು ಕೇಳಿದೆ. ಇರಲಿಲ್ಲ. ದಣಿವಿತ್ತು, ಜೊತೆಗೆ ಕೆಲಸ ಮುಗಿದವರ ಹಗುರವಿತ್ತು.

ಮರುದಿನ ಮುಬಶ್ಶಿರಾ ಕಣ್ಣಿನ ವೈದ್ಯರನ್ನು ಕೇಳಿದಳು. ಹೊಸ ಮಸೂರದ ಅಂಚಿಗೆ ಪಕ್ಕದಿಂದ ಜೋರು ಬೆಳಕು ಓರೆಯಾಗಿ ಬಿದ್ದರೆ ಕೆಲವರಿಗೆ ಬಿಲ್ಲಿನಂಥ ಗೆರೆ ಕಾಣುತ್ತದಂತೆ. ಕಾಯಿಲೆಯಲ್ಲ, ದಿನ ಕಳೆದಂತೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಮರುದಿನದ ಆ ಸಂಜೆಯೇ ಮೋಡ ಹರಿದು ಊರಿನ ಮಹಡಿಗಳಿಂದೆಲ್ಲ ಚಂದ್ರ ಕಂಡಿತು. ದಪ್ಪಗಿತ್ತು, ಎತ್ತರದಲ್ಲಿತ್ತು. ಇದು ನಿನ್ನೆಯದೇ ಇರಬೇಕು ಎಂದು ಬೀದಿಯಲ್ಲಿ ಕೆಲವರು ಹೇಳಿಕೊಂಡದ್ದು ಗೌಸ್ ಅವರ ಕಿವಿಗೂ ಬಿತ್ತು. ಇರಬಹುದು ಎಂದು ಒಪ್ಪಿಕೊಂಡು ಅವರು ಹಬ್ಬದ ಅಂಗಿಗೆ ಇಸ್ತ್ರಿ ಹಾಕಲು ಹೋದರು.

ಅವರನ್ನು ಇನ್ನು ಸಾಕ್ಷಿಗೆ ಕರೆಯುವುದಿಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅದು ನಿಜವೇ ಆಯಿತು, ಕರೆಯಲಿಲ್ಲ. ಹಬ್ಬ ಕಳೆದ ಮೇಲೆ ಕಾರ್ಯದರ್ಶಿಯೇ ಅಂಗಡಿಗೆ ಬಂದು, ಬೆಂಚಿನ ಮೇಲೆ ಕೂತು, ಬೇರೆ ಕೆಲಸ ಕೇಳಿದರು. ಇನ್ನು ಮೇಲೆ ಕಂಡೆನೆಂದು ಬರುವವರನ್ನು ನೀವು ವಿಚಾರಿಸಬೇಕು, ತಮ್ಮ ಮಾತನ್ನೇ ತಿರುಗಿಸಿ ತೂಗಿದವರು ಬೇರೆ ಯಾರೂ ನಮಗೆ ಗೊತ್ತಿಲ್ಲ ಎಂದರು. ಗೌಸ್ ಒಂದು ಷರತ್ತು ಹಾಕಿದರು. ಮಗಳ ಲೆಕ್ಕವನ್ನೂ ತರಿಸುತ್ತೇನೆ, ಆದರೆ ಸಾಕ್ಷಿ ಹೇಳಿ ಮುಗಿಸಿದ ಮೇಲೆಯೇ ಅದನ್ನು ಕೇಳುವುದು. ಕಾರ್ಯದರ್ಶಿ ಒಪ್ಪಿದರು.

ಬಕ್ರೀದಿನ ತಿಂಗಳ ಚಂದ್ರನಿಗೆ ಅವರು ಮಸೀದಿಯ ಜಗಲಿಯಲ್ಲಿ ಕೂತಿದ್ದರು. ಮುಬಶ್ಶಿರಾ ಕಾಲೇಜಿನಿಂದ ನೇರವಾಗಿ ಬಂದು ಮೆಟ್ಟಿಲ ಮೇಲೆ ನಿಂತಿದ್ದಳು. ಅರ್ಬಾಜ್ ಕಟ್ಟೆಯಿಂದ ಬೈಕಿನಲ್ಲಿ ಬಂದ. ಹೆಲ್ಮೆಟ್ ತೆಗೆದ.

"ಏನೋ, ಕಂಡಿತಾ?"

"ಇಲ್ಲ ಫೂಫಾ." ಅವನು ನೆಟ್ಟಗೆ ನಿಂತು ಹೇಳಿದ. "ಪಕ್ಕದಲ್ಲಿದ್ದ ನಾಲ್ಕು ಜನ ಅಗೋ ಅಗೋ ಅಂತಿದ್ರು, ಹಿಂದೇನೇ ಬರ್ತಿದ್ದಾರೆ. ಎಷ್ಟು ನೋಡಿದ್ರೂ ನನಗೆ ಕಾಣಲಿಲ್ಲ."

ಗೌಸ್ ಮೊಹಿದ್ದೀನ್ ಪಕ್ಕಕ್ಕೆ ಸರಿದು ಅವನಿಗೆ ಕೂರಲು ಜಾಗ ಮಾಡಿಕೊಟ್ಟರು.

"ಆ ನಾಲ್ಕು ಜನರನ್ನ ಒಬ್ಬೊಬ್ಬರಾಗಿ ಒಳಗೆ ಕಳಿಸು" ಎಂದರು. "ಮೊದ್ಲು ನೀರು ಕುಡಿ."